ಹತ್ತು ನಿಮಿಷದ ಹುಗ್ಗಿ

ಜುಲೈ 26, ಶನಿವಾರ

ಹೆಂಡತಿ ನನ್ನ ಮೇಲೆ ಸಿಟ್ಟಾಗಿ ತವರಿಗೆ ಹೋಗಲು ನಾನೇ ಟಿಕೆಟ್ ಕೊಟ್ಟೆ. ಇಪ್ಪತ್ತೆರಡು ವರ್ಷದ ಕಂಡಕ್ಟರ್ ಕೆಲಸದಲ್ಲಿ ಇಂಥ ಟಿಕೆಟ್ ಕೊಟ್ಟಿರಲಿಲ್ಲ.

ಬೆಳಿಗ್ಗೆ ಎಂಟೂವರೆಯ ರಾಯಚೂರು-ಮಾನ್ವಿ ಬಸ್ಸು. ಪಂಚಮಿಗೆ ತವರಿಗೆ ಹೊರಟ ಹೆಣ್ಣುಮಕ್ಕಳಿಂದ ಗಾಡಿ ತುಂಬಿತ್ತು. ಮೂರನೇ ಸೀಟಿನಲ್ಲಿ ಉಮಾದೇವಿ. ಮನೆಯಿಂದ ನನಗಿಂತ ಮೊದಲೇ ಹೊರಟವಳು ನನ್ನ ಬಸ್ಸಿಗೇ ಬಂದು ಕೂರುತ್ತಾಳೆ ಅಂದುಕೊಂಡಿರಲಿಲ್ಲ. ಕಿಟಕಿಯಾಚೆ ನೋಡುತ್ತ "ಮಾನ್ವಿ ಒಂದು" ಅಂದು ಆಧಾರ್ ಕಾರ್ಡ್ ಮುಂದೆ ಹಿಡಿದಳು. ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ, ಕಾರ್ಡ್ ನೋಡಬೇಕು, ನಿಯಮ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳ ಕಾರ್ಡ್ ನೋಡಿದೆ. ಫೋಟೋದಲ್ಲೂ ಸಿಟ್ಟಿನಲ್ಲೇ ಇದ್ದಾಳೆ. ಜೀರೋ ಟಿಕೆಟ್ ಹರಿದು ಕೊಟ್ಟೆ. ಗಂಡನನ್ನು ಬಿಟ್ಟು ಹೋಗುವುದಕ್ಕೂ ಈಗ ಒಂದು ರೂಪಾಯಿ ಖರ್ಚಿಲ್ಲ.

ಕಾರಣ ಬರೆದಿಡುತ್ತೇನೆ, ತಪ್ಪು ಯಾರದೆಂದು ಮುಂದೆ ಮರೆಯಬಾರದು. ಮೊನ್ನೆ ಅಮಾವಾಸ್ಯೆಗೆ ಅವಳು ಗೋಧಿ ಹುಗ್ಗಿ ಮಾಡಿದ್ದಳು. ನಮ್ಮ ಡ್ರೈವರ್ ಅಂಜಿನೇಯ ಮತ್ತು ಡಿಪೋದ ನಾಲ್ವರು ಊಟಕ್ಕೆ ಬಂದಿದ್ದರು. ಅವರು ಹೊಗಳಿದರು. ನಾನು, "ಚಲೋ ಆಗ್ಯದ, ಆದ್ರ ನಮ್ಮವ್ವನ ಕೈ ರುಚಿ ಇದಕ್ಕಿಲ್ಲ" ಅಂದೆ. ಪ್ರತಿ ಸಲವೂ ಅನ್ನುವ ಮಾತು. ಅವಳು ಸೌಟು ಕೆಳಗಿಟ್ಟಳು. "ಹಂಗಾದ್ರ ಈ ಸರ್ತಿ ಶ್ರಾವಣದ ಹುಗ್ಗಿ ನಿಮ್ಮವ್ವನ ಕಡಿಂದನ ಮಾಡಿಸ್ರಿ" ಅಂದಳು. ಅಷ್ಟೇ. ಇದರಲ್ಲಿ ನನ್ನ ತಪ್ಪೇನು?

ಈ ಡೈರಿ ವಿಮೆ ಏಜೆಂಟ್ ಜನವರಿಯಲ್ಲಿ ಕೊಟ್ಟದ್ದು. ಇಷ್ಟು ದಿನ ಖಾಲಿ ಇತ್ತು. ಮನೆಯಲ್ಲಿ ಮಾತಾಡಲು ಜನ ಇದ್ದಾಗ ಇದು ಬೇಕಾಗಿರಲಿಲ್ಲ.

ಜುಲೈ 31, ಗುರುವಾರ

ಪಂಚಮಿ ಮುಗಿದು ಎರಡು ದಿನವಾಯಿತು. ಓಣಿಯವರು ಕೇಳಿದರೆ "ಪಂಚಮಿಗೆ ಹೋಗ್ಯಾಳ" ಅನ್ನುತ್ತಿದ್ದೇನೆ. ಇನ್ನೆರಡು ದಿನ ಈ ಮಾತು ನಡೆದೀತು.

ಅವಳ ತವರು ಮಾನ್ವಿ ಬಸ್ ಸ್ಟ್ಯಾಂಡಿನ ಹಿಂದೆಯೇ. ನಮ್ಮ ಗಾಡಿ ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ದಿನಕ್ಕೆ ಎರಡು ಸಲ. ನಾನು ಆ ಕಡೆ ನೋಡುವುದಿಲ್ಲ. ಇವತ್ತು ಮೂರು ಸಲ ಮಾತ್ರ ನೋಡಿದೆ. ಮಾಳಿಗೆ ಮೇಲೆ ಅವಳ ಹಸಿರು ಸೀರೆ ಒಣಗಲು ಹಾಕಿದ್ದರು.

ಆಗಸ್ಟ್ 4, ಸೋಮವಾರ

ನಮ್ಮ ಓಣಿಯ ಪದ್ಧತಿ ಹೀಗೆ. ಶ್ರಾವಣದ ಒಂದೊಂದು ಸೋಮವಾರ ಒಂದೊಂದು ಮನೆಯವರು ಇಡೀ ಓಣಿಗೆ ಹುಗ್ಗಿ ಮಾಡಬೇಕು. ಕಟ್ಟೆಯ ಬಸವಣ್ಣನಿಗೆ ಶರಣಯ್ಯನವರು ನೈವೇದ್ಯ ಮಾಡಿದ ಮೇಲೆ ಎಲ್ಲರೂ ಸಾಲಾಗಿ ಕೂತು ಉಣ್ಣಬೇಕು. ಒಂದೇ ಕೊಪ್ಪರಿಗೆ, ಮನೆಯಿಂದ ಮನೆಗೆ ಹೋಗುತ್ತದೆ. ಹಾಲು ಮಾತ್ರ ಯಾವಾಗಲೂ ಪಕ್ಕದ ಮನೆ ಕುಬ್ರಾ ಬೇಗಂ ಆಪಾ ಕೊಡುತ್ತಾರೆ. ಅವರ ಎಮ್ಮೆಯ ಹಾಲಿಲ್ಲದೆ ನಮ್ಮ ಓಣಿಯ ಶ್ರಾವಣ ಆಗುವುದಿಲ್ಲ.

ಇವತ್ತು ಎದುರು ಮನೆ ಬಂಡೆಮ್ಮನ ಪಾಳಿ. ಊಟದ ನಡುವೆ ಶರಣಯ್ಯನವರು, "ಹದಿನೆಂಟಕ್ಕ ಕಡೀ ಸೋಮವಾರ. ಪಂಪಾಪತಿ, ನಿಮ್ಮ ಮನಿ ಪಾಳಿ. ಉಮವ್ವ ಅಷ್ಟರೊಳಗ ಬರ್ತಾಳಲ್ಲ?" ಅಂದರು.

ಬಂಡೆಮ್ಮ ಸೌಟು ಹಿಡಿದು ನಿಂತಿದ್ದಳು. "ಬರ್ತಾಳ ಬಿಡ್ರಿ. ಪಂಚಮಿ ಹಬ್ಬ ಅಕಿಗೆ ಇನ್ನೂ ಮುಗಿದಿಲ್ಲಂತ" ಅಂದಳು. ಸಾಲಿನಲ್ಲಿ ಕೂತವರೆಲ್ಲ ತಲೆ ತಗ್ಗಿಸಿ ಉಣ್ಣತೊಡಗಿದರು. ನಗು ಬಂದಾಗ ನಮ್ಮ ಓಣಿಯವರು ಹಾಗೆಯೇ ಉಣ್ಣುವುದು.

ನನಗೆ ರೋಷ ಬಂತು. "ಆಕಿ ಯಾಕ ಬೇಕ್ರಿ? ನಾನ ಮಾಡ್ತೀನಿ" ಅಂದೆ.

ಮಗಳು ಅನುರಾಧಾ ನನ್ನನ್ನು ನೋಡಿದಳು. ಅವಳು ದ್ವಿತೀಯ ಪಿಯುಸಿ, ಕಾಲೇಜಿದೆ ಎಂದು ನನ್ನ ಜೊತೆಗೇ ಉಳಿದಿದ್ದಾಳೆ. ದಿನಾ ತಾಯಿಗೆ ಫೋನ್ ಮಾಡುತ್ತಾಳೆ. ನಾನು ಆ ಕಡೆ ಕಿವಿ ಕೊಡುವುದಿಲ್ಲ. ಬಾಗಿಲು ಹಾಕಿಕೊಂಡು ಮಾತಾಡುವುದರಿಂದ ಕೇಳುವುದೂ ಇಲ್ಲ.

ಆಗಸ್ಟ್ 6, ಬುಧವಾರ

ಹುಗ್ಗಿಯೇನು ಬ್ರಹ್ಮವಿದ್ಯೆ ಅಲ್ಲ. ಗೋಧಿ, ಬೆಲ್ಲ, ನೀರು. ಸಂಜೆ ಬಂದವನೇ ಅರ್ಧ ಸೇರು ಗೋಧಿ ತೊಳೆದು, ಬೆಲ್ಲ ಒಡೆದು, ಎಲ್ಲ ಒಟ್ಟಿಗೆ ಹಾಕಿ ಒಲೆಯ ಮೇಲಿಟ್ಟೆ. ಎರಡು ತಾಸು ಕುದಿಯಿತು. ಬೆಲ್ಲ ಪಾಕವಾಯಿತು, ಗೋಧಿ ಗೋಧಿಯಾಗಿಯೇ ಉಳಿಯಿತು. ಒಂದು ಚಮಚ ಬಾಯಿಗೆ ಹಾಕಿದೆ. ಬಲಗಡೆಯ ದವಡೆ ಹಲ್ಲಿಗೆ ಮೊದಲೇ ಸಿಮೆಂಟ್ ತುಂಬಿಸಿದ್ದಾರೆ.

"ಗ್ಯಾಸಿನ ಉರಿ ಸರಿಯಿಲ್ಲ" ಅಂದೆ.

"ಕುಣ್ಯಾಕ ಬರಲಾರದಾಕಿ ನೆಲ ಡೊಂಕ ಅಂದಳಂತ" ಅಂದಳು ಅನುರಾಧಾ.

ಪಾತ್ರೆ ತೆಗೆದುಕೊಂಡು ಹೋಗಿ ಆಪಾ ಅವರ ಎಮ್ಮೆಯ ಮುಂದಿಟ್ಟೆ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಆಪಾ ಗೋಡೆಯಾಚೆಯಿಂದ ಎಲ್ಲ ನೋಡುತ್ತಿದ್ದರು. "ಬೆಲ್ಲ ಬಿದ್ದ ಮ್ಯಾಲ ಗೋಧಿ ಬೇಯಲ್ಲ ತಮ್ಮಾ. ಮೊದಲ ಗೋಧಿ ಬೇಯಬೇಕು. ಸಿಹಿಗೆ ಅವಸರ ಮಾಡಬಾರದು" ಅಂದರು. ನನಗೆ ಗೊತ್ತಿತ್ತು ಅಂದೆ. ಗೊತ್ತಿರಲಿಲ್ಲ.

ಆಗಸ್ಟ್ 8, ಶುಕ್ರವಾರ

ಬೆಲ್ಲ ಆಮೇಲೆ ಹಾಕಿದೆ. ಆದರೂ ಏನೋ ಸಿಪ್ಪೆಯಂಥದ್ದು ಬಾಯಿಗೆ ಬರುತ್ತದೆ. ತಳವೂ ಹಿಡಿಯಿತು. ಬರೆಯುವಂಥದ್ದೇನಿಲ್ಲ.

ಆಗಸ್ಟ್ 10, ಭಾನುವಾರ

ಇವತ್ತು ವಾರದ ರಜೆ. ಯಾರ ಕೈ ರುಚಿ ದೊಡ್ಡದೋ ಅವರನ್ನೇ ಕೇಳಿದರಾಯಿತು ಅಂದುಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಜಾಲಹಳ್ಳಿ. ಅವ್ವ ಅಲ್ಲಿ ನಮ್ಮಣ್ಣ ವಿರೂಪಣ್ಣನ ಜೊತೆ ಇದ್ದಾಳೆ. ಎಪ್ಪತ್ತೆಂಟಾದರೂ ಓಣಿಯಲ್ಲಿ ಯಾರು ಎಷ್ಟು ಗಂಟೆಗೆ ಕೆಮ್ಮಿದರು ಅನ್ನುವುದು ಗೊತ್ತಿರುತ್ತದೆ.

"ಯವ್ವಾ, ಹುಗ್ಗಿ ಹೆಂಗ ಮಾಡ್ತಿದ್ದಿ ಹೇಳು, ಬರಕೊಂತೀನಿ" ಅಂದೆ.

ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಯಾವ ಹುಗ್ಗಿ?"

"ಗೋಧಿ ಹುಗ್ಗಿ. ಯುಗಾದಿಗೆ, ದೀಪಾವಳಿಗೆ ನಾವು ಬಂದಾಗೆಲ್ಲ ಮಾಡ್ತಿದ್ದೆಲ್ಲ."

"ನಾ ಎಲ್ಲಿ ಮಾಡಿದ್ನೋ ಮಗನ? ನೀ ಸಣ್ಣಾವಿದ್ದಾಗ ನಮ್ಮ ಮನ್ಯಾಗ ಸಜ್ಜಿ, ಜ್ವಾಳ. ಗೋಧಿ ಎಲ್ಲಿಂದ ಬರಬೇಕು? ಅದೆಲ್ಲ ಉಮಾ ಮಾಡಿದ್ದು. ಬಡಿಸಿದ್ದು ನಾನು."

ನಾನು ಪೆನ್ನು ಹಿಡಿದುಕೊಂಡೇ ಕೂತಿದ್ದೆ. ಅವ್ವ ಎಲೆ ಬಾಯಿಗಿಟ್ಟು ಮುಂದುವರಿಸಿದಳು. ಮದುವೆಯಾದ ವರ್ಷದ ಯುಗಾದಿಗೆ ಅವ್ವನಿಗೆ ಜ್ವರ. ಹುಗ್ಗಿ ಮಾಡಿದ್ದು ಹೊಸ ಸೊಸೆ. ನಾನು ಒಂದು ತುತ್ತು ಉಂಡು, "ಯವ್ವಾ, ನಿನ್ನ ಕೈ ಬಂಗಾರದ್ದು" ಅಂದೆನಂತೆ. ಅವ್ವ ನಿಜ ಹೇಳಲು ಬಾಯಿ ತೆರೆದರೆ ಉಮಾ ಬೇಡವೆಂದು ಸನ್ನೆ ಮಾಡಿದಳಂತೆ. ಆಮೇಲೆ ಅಡಿಗೆ ಮನೆಯಲ್ಲಿ, "ಅತ್ತಿ ಮಾಡಿದ್ದಂದ್ರ ಅವರು ಇನ್ನೆರಡು ಸೌಟು ಹೆಚ್ಚು ಹಾಕಿಸ್ಕೊಂತಾರ. ಇರ್ಲಿ ಬಿಡ್ರಿ" ಅಂದಳಂತೆ.

"ಮತ್ತ ನೀನರ ಆಮ್ಯಾಲ ಹೇಳಬಾರದಿತ್ತೇನು?"

"ನೀ ಹೊಗಳಾಕತ್ತಿದ್ದಿ. ನನಗ ಬ್ಯಾಡನ್ನಾಕ ಮನಸ್ಸಾಗಲಿಲ್ಲ" ಅಂದಳು ಅವ್ವ. ಸ್ವಲ್ಪವೂ ನಾಚಿಕೆಯಿಲ್ಲದೆ ಅಂದಳು.

ಇದು ಮೋಸ. ಅತ್ತೆ ಸೊಸೆ ಜಗಳಾಡಿದರೆ ಗಂಡಸಿಗೆ ಕಷ್ಟ ಅನ್ನುತ್ತಾರೆ. ಅತ್ತೆ ಸೊಸೆ ಒಂದಾದರೆ ಏನಾಗುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. "ಹಂಗಾದ್ರ ರಾಯಚೂರಾಗ ಮಾಡಿದ್ದು ಯಾಕ ಬ್ಯಾರೆ ಅನಸ್ತದ?" ಎಂದು ಕೇಳಿದೆ. "ಅಲ್ಲಿ ಗ್ಯಾಸು, ಇಲ್ಲಿ ಸೌದಿ" ಅಂದಳು. ಹತ್ತೊಂಬತ್ತು ವರ್ಷ ನಾನು ಹೊಗಳಿದ್ದು ಕಟ್ಟಿಗೆಯನ್ನು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ವರ್ಷಕ್ಕೆ ಎಷ್ಟು ಸಲ ಹುಗ್ಗಿ, ಎಷ್ಟು ಸಲ ಆ ಮಾತು, ಎಷ್ಟು ಜನರ ಮುಂದೆ. ದೇವದುರ್ಗ ದಾಟುವಷ್ಟರಲ್ಲಿ ಲೆಕ್ಕ ಬಿಟ್ಟೆ. ಪ್ರತಿ ಸಲವೂ ಅವಳಿಗೆ ಗೊತ್ತಿತ್ತು, ನಗುತ್ತ ಬಡಿಸುತ್ತಿದ್ದಳು. ನನಗೆ ಬಹಳ ಕೆಟ್ಟದೆನಿಸಿದೆ.

ಆಗಸ್ಟ್ 11, ಸೋಮವಾರ

ಮೂರನೇ ಸೋಮವಾರ, ಶರಣಯ್ಯನವರ ಮನೆ ಪಾಳಿ. ಒಂದು ಸೌಟು ಉಂಡು ಎದ್ದೆ. ಕೊಪ್ಪರಿಗೆ ತೊಳೆದು ನಮ್ಮ ಅಂಗಳಕ್ಕೆ ತಂದಿಟ್ಟಿದ್ದಾರೆ. ಖಾಲಿ ಇದ್ದರೂ ಅದು ಇಷ್ಟು ಭಾರ ಎಂದು ಗೊತ್ತಿರಲಿಲ್ಲ.

ಆಗಸ್ಟ್ 13, ಬುಧವಾರ

ಮಾನ್ವಿಯಲ್ಲಿ ಗಾಡಿ ನಿಂತ ಕೂಡಲೇ ಇಳಿದು ಅವಳ ತವರಿಗೆ ಹೋದೆ. ಹುಗ್ಗಿಯ ವಿಷಯ ಕೇಳಲು. ಬೇರೆ ಏನೂ ಇರಲಿಲ್ಲ.

ಮಾವ ಯಮನೂರಪ್ಪನವರು ಪಡಸಾಲೆಯಲ್ಲಿ ಕೂತಿದ್ದರು. "ಬರ್ರಿ, ಬರ್ರಿ" ಎಂದು ಚಹಾಕ್ಕೆ ಹೇಳಿದರು. ಅಡಿಗೆ ಮನೆಯಲ್ಲಿ ಬಳೆ ಸದ್ದಾಯಿತು. ಉಮಾ ಹೊರಗೆ ಬರಲಿಲ್ಲ. ನಾನು ಮಾವನ ಕಡೆಯೇ ನೋಡುತ್ತ, "ಗೋಧಿ ಎಷ್ಟು ಹೊತ್ತು ನೆನಿಬೇಕಂತ ಕೇಳ್ರಿ" ಅಂದೆ.

ಮಾವ ಒಳಗೆ ತಿರುಗುವ ಮೊದಲೇ ಉತ್ತರ ಬಂತು. "ಮೊದಲ ಕುಟ್ಟಿ ಹೊಟ್ಟು ತಗದಾರೇನು ಕೇಳು ಯಪ್ಪಾ."

"ತಗದೀರೇನ್ರಿ?" ಅಂದರು ಮಾವ.

"ಗೋಧಿಗೆ ಹೊಟ್ಟು ಇರ್ತದೇನ್ರಿ?"

ಒಳಗೆ ಯಾರೋ ಬಾಯಿಗೆ ಸೆರಗು ಒತ್ತಿಕೊಂಡ ಹಾಗೆ ಸದ್ದಾಯಿತು. ಮಾವ ಮೀಸೆ ಒರೆಸಿಕೊಂಡರು. ಅಷ್ಟರಲ್ಲಿ ಅಂಜಿನೇಯ ಹಾರ್ನ್ ಹೊಡೆದ. ಚಹಾ ಅರ್ಧಕ್ಕೆ ಬಿಟ್ಟು ಓಡಿದೆ.

ಆಗಸ್ಟ್ 14, ಗುರುವಾರ

ಸುದ್ದಿ ಬಸ್ಸಿನಲ್ಲಿ ಹರಡಿದೆ. ಅಂಜಿನೇಯನ ಬಾಯಿಗೆ ಬ್ರೇಕಿಲ್ಲ. ಮಾನ್ವಿಗೆ ಬಳೆ ಮಾರಲು ಹೋಗುವ ಹೀರಾಬಿ ದಿನಾ ನಮ್ಮ ಗಾಡಿಗೇ ಬರುತ್ತಾಳೆ. ಹತ್ತಿದವಳೇ, "ಇವತ್ತಿನ ಸವಾಲು ಏನ್ರಿ ಕಂಡಕ್ಟರ್ ಸಾಬ್?" ಅಂದಳು. ಕುಟ್ಟುವುದು ಹೇಗೆ ಎಂದು ಕೇಳಬೇಕು ಅಂದೆ. ಹಿಂದಿನ ಸೀಟಿನ ಮುದುಕಿಯೊಬ್ಬಳು ನೀರು ಚಿಮುಕಿಸಿ ಕುಟ್ಟಬೇಕು ಅಂದಳು. ಇನ್ನೊಬ್ಬಳು ಅರ್ಧ ತಾಸು ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು ಅಂದಳು. ಮುಂದಿನವನೊಬ್ಬ ಗಿರಣಿಯಲ್ಲಿ ಒಡಿಸಿದರಾಯಿತು ಅಂದ. ಆರು ಹೆಂಗಸರು ಒಟ್ಟಿಗೆ ಅವನ ಮೇಲೆ ಬಿದ್ದರು. ಕಲ್ಲೂರಿನಲ್ಲಿ ಇಳಿಯಬೇಕಾದವರು ಚರ್ಚೆ ಮುಗಿಯಲಿ ಎಂದು ಕೂತು ನೀರಮಾನ್ವಿಯಲ್ಲಿ ಇಳಿದರು.

ಮಾನ್ವಿಯಲ್ಲಿ ಉಮಾಳ ಉತ್ತರ, ಮಾವನ ಮೂಲಕ: ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಒರಳಲ್ಲಿ ಮೆಲ್ಲಗೆ ಕುಟ್ಟಬೇಕು, ಕಾಳು ಒಡೆಯಬಾರದು. ಆಮೇಲೆ ಮೊರದಲ್ಲಿ ಕೇರಿ, ರಾತ್ರಿಯೆಲ್ಲ ನೆನೆಹಾಕಬೇಕು. "ಸಿಟ್ಟಿಲೆ ಕುಟ್ಟಬಾರದಂತ ಹೇಳು ಯಪ್ಪಾ" ಅಂದಳು ಕೊನೆಗೆ.

"ನನಗೇನ್ ಸಿಟ್ಟಿಲ್ಲಂತ ಹೇಳ್ರಿ" ಅಂದೆ.

ಮಾವ, "ನನ್ನ ನಡುವ ಯಾಕ ನಿಂದ್ರಿಸೀರೋ?" ಅಂದರು. ಹಾರ್ನ್ ಆಯಿತು.

ಆಗಸ್ಟ್ 16, ಶನಿವಾರ

ಸವಾಲು: ಬೆಲ್ಲ ಯಾವಾಗ? ಉತ್ತರ: ಕಾಳು ಎರಡು ಬೆರಳಲ್ಲಿ ಹಿಚುಕಿದರೆ ಬೆಣ್ಣೆಯಾಗಬೇಕು, ಆಮೇಲೆ. ಗಸಗಸೆ ಹುರಿದು, ಕೊಬ್ಬರಿ ತುರಿದು ಹಾಕಬೇಕು. ಇವತ್ತು ಬಾಗಿಲ ಹತ್ತಿರ ಹಸಿರು ಸೀರೆಯ ಅಂಚು ಕಂಡಿತು. ಚಹಾದ ಜೊತೆ ಚಕ್ಕುಲಿಯೂ ಬಂತು.

ವಾಪಸ್ಸು ಬರುವಾಗ ಹೀರಾಬಿ ಎಲ್ಲರಿಗೂ ಕೇಳುವಂತೆ, "ಸಾಬ್, ನೀವು ಹುಗ್ಗಿ ಕಲ್ಯಾಕ ಹೊಂಟೀರೋ, ಹೆಂಡ್ತಿ ಕರಿಯಾಕ ಹೊಂಟೀರೋ?" ಅಂದಳು. ಗಾಡಿಯೆಲ್ಲ ನಕ್ಕಿತು. ನಾನು ಚಿಲ್ಲರೆ ಎಣಿಸಿದೆ.

ಮನೆಗೆ ಬಂದು ಎಲ್ಲ ವಿಧಾನ ಅನುರಾಧಾಗೆ ಓದಿ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಇದೆಲ್ಲ ನನಗ ಗೊತ್ತದ ಯಪ್ಪಾ" ಅಂದಳು.

"ಮತ್ತ ಹೇಳಬಾರದೇನು?"

"ನೀವು ಮಾನ್ವಿಗೆ ಹೋಗಿ ಕೇಳಾಕತ್ತಿದ್ರಿ. ನಾ ಯಾಕ ನಡುವ ಬಾಯಿ ಹಾಕಲಿ?"

ಈ ಮನೆಯ ಹೆಣ್ಣುಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಓದಿದವರು.

ಆಗಸ್ಟ್ 17, ಭಾನುವಾರ

ನಾಳೆ ರಜೆ ಬೇಕೆಂದು ಇವತ್ತಿನ ವಾರದ ರಜೆ ಬಿಟ್ಟು ಡ್ಯೂಟಿ ಮಾಡಿದೆ. ಕೇಳಲು ಸವಾಲೇ ಉಳಿದಿರಲಿಲ್ಲ. ಆದರೂ ಹೋದೆ.

ಪಡಸಾಲೆಯಲ್ಲಿ ಕೂತು ಐದು ನಿಮಿಷ ಮಳೆಯ ಮಾತಾಡಿದೆವು. ಒಳಗೆ ರೊಟ್ಟಿ ಬಡಿಯುವ ಸದ್ದು. ಕೊನೆಗೆ ಹೇಳಿದೆ. "ಮಾವ, ಜಾಲಹಳ್ಳ್ಯಾಗ ಹುಗ್ಗಿ ಮಾಡ್ತಿದ್ದೋರು ಯಾರಂತ ನಮ್ಮವ್ವ ಹೇಳಿದ್ಲು. ಅಷ್ಟ ಹೇಳ್ರಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಮಾವ ಏನೂ ಅರ್ಥವಾಗದೆ ನನ್ನ ಮುಖ, ಅಡಿಗೆ ಮನೆಯ ಬಾಗಿಲು ಎರಡನ್ನೂ ನೋಡಿದರು. ನಾಳೆ ಬಾ ಎಂದು ನಾನು ಅನ್ನಲಿಲ್ಲ. ಕರೆಯುವ ಮುಖ ನನ್ನದಲ್ಲ. ಹಾರ್ನ್ ಆಯಿತು. ಇವತ್ತು ಓಡಲಿಲ್ಲ, ನಡೆದೇ ಹೋದೆ. ಅಂಜಿನೇಯ ಮೂರು ನಿಮಿಷ ತಡವಾಯಿತು ಎಂದು ಬೈಯಲಿಲ್ಲ.

ಸಂಜೆ ಬಂಡೆಮ್ಮ ಒನಕೆ ಹಿಡಿದುಕೊಂಡು ತಾನೇ ಬಂದಳು. ಆಪಾ ಮೊರ ತಂದರು. ಕುಟ್ಟಿದ್ದು ನಾನು, ಕೇರಿದ್ದು ಅವರು, ನನ್ನ ಕುಟ್ಟುವಿಕೆಯ ಬಗ್ಗೆ ಮಾತಾಡಿದ್ದು ಇಡೀ ಓಣಿ. ನಾಲ್ಕು ಸೇರು ಗೋಧಿ ನೆನೆದಿದೆ. ಅವಳು ಬರದಿದ್ದರೆ ಎಂದು ಬರೆಯಲು ಹೋಗಿ ಬಿಟ್ಟೆ.

ಆಗಸ್ಟ್ 19, ಮಂಗಳವಾರ

ಮಾನ್ವಿ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಬರೆಯಲು ಆಗಲಿಲ್ಲ.

ಅಂಗಳದಲ್ಲಿ ಮೂರು ಕಲ್ಲಿಟ್ಟು ಸೌದೆ ಒಲೆಯನ್ನೇ ಹೂಡಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಕೊಪ್ಪರಿಗೆ ಏರಿತು. ಮೂರು ಗಂಟೆಗೆ ಬಂಡೆಮ್ಮ ಕಾಳು ಹಿಚುಕಿ, "ಬೆಂದದ, ಬೆಲ್ಲ ಹಾಕು" ಅಂದಳು. ನಾನು ಇನ್ನೂ ಬೇಯಲಿ ಅಂದೆ. ಮೂರೂವರೆಗೆ ಆಪಾ ಕೂಡ ಅದನ್ನೇ ಅಂದರು. ಇನ್ನೂ ಬೇಯಲಿ ಅಂದೆ. ಮಾನ್ವಿಯ ಗಾಡಿ ರಾಯಚೂರಿಗೆ ಬರುವುದು ನಾಲ್ಕಕ್ಕೆ. ಅನುರಾಧಾ ಬೆಲ್ಲದ ಪುಟ್ಟಿ ಹಿಡಿದು ನಿಂತು, "ಇನ್ನ ಬೇಯಿಸಿದ್ರ ಅಂಟಾಗ್ತದ ಯಪ್ಪಾ" ಅಂದಳು. ನಾನು ತಿರುವುತ್ತಲೇ ಇದ್ದೆ. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎಲ್ಲ ಹೊಗೆಯದೇ ಅಲ್ಲ.

ನಾಲ್ಕೂ ಇಪ್ಪತ್ತಕ್ಕೆ ಉಮಾ ಓಣಿಯಲ್ಲಿ ನಡೆದು ಬಂದಳು. ಕೈಯಲ್ಲಿ ಚೀಲ. ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಕಾಲು ತೊಳೆದು, ಸೆರಗು ಸಿಕ್ಕಿಸಿಕೊಂಡು ಬಂದಳು. ಸೌಟಿನಿಂದ ನಾಲ್ಕು ಕಾಳು ತೆಗೆದು ಹಿಚುಕಿದಳು. "ಇದು ಬೆಂದು ಒಂದು ತಾಸಾತು. ಯಾರ ದಾರಿ ಕಾಯಾಕತ್ತೀರಿ?" ಅಂದಳು. ನಡುವೆ ಮಾವ ಇರಲಿಲ್ಲ. ನೇರ ನನಗೇ ಅಂದಳು.

ನಾನು ಬೆಲ್ಲ ಸುರಿದೆ.

ಸಂಜೆ ನೈವೇದ್ಯವಾಗಿ ಓಣಿಯೆಲ್ಲ ಸಾಲಾಗಿ ಕೂತಿತು. ಡಿಪೋದ ಗೆಳೆಯರು ಬಂದಿದ್ದರು, ಅಂಜಿನೇಯನ ಹಿಂದೆ ಹೀರಾಬಿಯೂ ಬಂದಿದ್ದಳು, ಸವಾಲು ಪಾಸೋ ಫೇಲೋ ನೋಡಬೇಕಂತೆ. ನಾನು ಬಡಿಸಿದೆ, ಆಪಾ ಹಿಂದೆಯೇ ಹಾಲು ಹಾಕುತ್ತ ಬಂದರು. ಶರಣಯ್ಯನವರು ಒಂದು ತುತ್ತು ಉಂಡು, "ಅಡ್ಡಿಯಿಲ್ಲ ಪಂಪಾಪತಿ. ನಿಮ್ಮವ್ವನ ಕೈ ರುಚಿ ಬಂತೇನಪಾ ಕಡೀಗೆ?" ಅಂದರು.

ನಾನು ಬಡಿಸುವುದು ನಿಲ್ಲಿಸಿದೆ. "ನಮ್ಮವ್ವ ಹುಗ್ಗಿ ಮಾಡಿಲ್ರಿ. ಹತ್ತೊಂಬತ್ತು ವರ್ಷ ನಾ ಉಂಡದ್ದು, ಹೊಗಳಿದ್ದು, ಕುಂದು ಹುಡುಕಿದ್ದು, ಎಲ್ಲಾ ಉಮಾದೇವಿ ಮಾಡಿದ್ದು. ನಾ ಸುಳ್ಳ ಅಕಿಗೆ ನಾಕು ಮಂದ್ಯಾಗ ಸಣ್ಣಾಕಿ ಮಾಡಿದೆ" ಅಂದೆ. ಎಲ್ಲರೂ ತಲೆ ತಗ್ಗಿಸಿ ಉಣ್ಣತೊಡಗಿದರು. ಉಮಾ ಮುಖ ಆ ಕಡೆ ತಿರುಗಿಸಿಕೊಂಡು ಆಪಾ ಕೈಯಿಂದ ಹಾಲಿನ ಚೊಂಬು ಇಸಿದುಕೊಂಡಳು. ಉಳಿದ ಸಾಲಿಗೆ ನಾನು ಹುಗ್ಗಿ ಹಾಕಿದೆ, ಹಿಂದೆ ಅವಳು ಹಾಲು ಹಾಕಿದಳು.

ಎಲ್ಲರೂ ಎದ್ದು ಹೋದ ಮೇಲೆ ನಾನು ತಾಟು ಹಿಡಿದು ಕೊಪ್ಪರಿಗೆಗೆ ಬಗ್ಗಿದೆ. ಖಾಲಿ. ತಳದಲ್ಲಿ ಕಪ್ಪಗೆ ಹತ್ತಿದ್ದು ಬಿಟ್ಟರೆ ಏನೂ ಇಲ್ಲ. ನಾಲ್ಕು ಸೇರಿನ ಹುಗ್ಗಿ ಮಾಡಿದವನಿಗೆ ಒಂದು ಸೌಟು ಇಲ್ಲ.

"ಏನು ಹುಡುಕಾಕತ್ತೀರಿ?" ಅಂದಳು ಉಮಾ. ಸೌಟು ತೆಗೆದುಕೊಂಡು ಕೊಪ್ಪರಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ತಳ ಕೆರೆಯತೊಡಗಿದಳು. "ಮಾಡಿದೋರಿಗೆ ಉಳಿಯೋದು ಇದ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಹುಗ್ಗಿ ಉಂಡದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಉಂಡಳೋ ಇಲ್ಲವೋ ಎಂದು ಕೇಳಿಯೂ ಇಲ್ಲ.

ಅವಳು ಸ್ವಲ್ಪ ಸರಿದು ಕೂತಳು. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ಹತ್ತಿದ ಹುಗ್ಗಿ, ಅಂಟು ಅಂಟು, ಸ್ವಲ್ಪ ಕಹಿ. "ಯಾರ ಕೈ ರುಚಿ ಹೇಳ್ರಿ ನೋಡೋಣು?" ಅಂದಳು. ಬಾಯಿ ತುಂಬ ಹುಗ್ಗಿ ಇತ್ತು. ಅವಳ ಕೈ ಹಿಡಿದು ತೋರಿಸಿದೆ. ಕೈ ಮೊಣಕೈವರೆಗೆ ಮಸಿಯಾಗಿತ್ತು, ನನ್ನದೂ ಆಯಿತು.